ಓದುಗರ ಪ್ರಶ್ನೆ: ಮಳೆ ಕಮ್ಮಿಯಿರುವ ಊರಲ್ಲೂ ಡೆಂಗಿ ಏಕೆ?

ಪ್ರಶ್ನೆ: ನಮ್ಮದು ಚಿತ್ರದುರ್ಗ. ಮಳೆ ಕಮ್ಮಿ, ಮನೆ ಸುತ್ತ ಕೊಚ್ಚೆಯೂ ಇಲ್ಲ. ಆದರೂ ಬೀದಿಯಲ್ಲಿ ಡೆಂಗಿ. ವಾರಕ್ಕೊಮ್ಮೆ ಡ್ರಮ್ ಬಗ್ಗಿಸಿ ತುಂಬಿಸಿದರೂ ಮತ್ತೆ ಹುಳ. ಏನು ಮಾಡಬೇಕು?

ಉತ್ತರ: ಡ್ರಮ್ಮಿನ ಒಳಗೋಡೆ ಉಜ್ಜಬೇಕು. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಕೊಚ್ಚೆ ಬೇಡ, ಹಿಡಿದಿಟ್ಟ ತಿಳಿನೀರು ಸಾಕು. ನಲ್ಲಿ ನೀರು ದಿನ ಬಿಟ್ಟು ದಿನ ಬಂದಷ್ಟೂ ಮನೆಯಲ್ಲಿ ಡ್ರಮ್, ತೊಟ್ಟಿ ಹೆಚ್ಚುತ್ತವೆ. ಹಾಗಾಗಿ ಬರಗಾಲದಲ್ಲೂ ಸೊಳ್ಳೆಗೆ ಬರವಿಲ್ಲ. ಅದು ಮೊಟ್ಟೆ ಅಂಟಿಸುವುದು ನೀರಿನ ಅಂಚಿಗಿಂತ ತುಸು ಮೇಲೆ, ಒದ್ದೆ ಗೋಡೆಗೆ. ಸಾಸಿವೆಗಿಂತ ಎಷ್ಟೋ ಸಣ್ಣ ಕರಿ ಚುಕ್ಕೆಗಳು. ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿದ್ದು, ನೀರು ತಾಗಿದೊಡನೆ ಒಡೆಯುತ್ತವೆ.

ಡ್ರಮ್ ಬಗ್ಗಿಸಿ ಸೋಪುಪುಡಿ ಹಾಕಿ, ತೆಂಗಿನ ನಾರಿನಿಂದ ಬಾಯಿಂದ ತಳದವರೆಗೆ ತಿಕ್ಕಿ. ತೊಳೆದ ನೀರನ್ನು ಚರಂಡಿಗಲ್ಲ, ಬಿಸಿಲಿನ ಒಣಮಣ್ಣಿಗೆ ಚೆಲ್ಲಿ. ಆಮೇಲೆ ಬಾಯಿಗೆ ಬಟ್ಟೆ ಹೊದಿಸಿ, ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿಯಿರಿ. ಬಟ್ಟೆ ಜೋತು ನೀರಿಗೆ ತಾಗಿದರೆ ಸೊಳ್ಳೆ ಅದರ ಮೇಲೆಯೇ ಮೊಟ್ಟೆಯಿಡುತ್ತದೆ. ಮುಚ್ಚಳದ ಗುಳಿ, ಅಂಗಳದ ಹಳೇ ಒರಳುಕಲ್ಲು, ಫ್ರಿಜ್ ಹಿಂದಿನ ಟ್ರೇ ಮರೆಯಬೇಡಿ. ಬಗ್ಗಿಸಲಾಗದ ನೀರಿನ ಸಂಪ್‌ಗೆ ಗಪ್ಪಿ ಮೀನು ಬಿಡಬಹುದು. ಹುಳ ಸಾಯಿಸುವ ಮದ್ದು ಟೆಮಿಫಾಸ್ ಹಾಕಿಸುವುದಾದರೆ ಆರೋಗ್ಯ ಸಿಬ್ಬಂದಿಯಿಂದಲೇ ಹಾಕಿಸಿ. ಲೀಟರಿಗೆ 1 ಮಿಲಿಗ್ರಾಂ ಮೀರಬಾರದು.

ಇನ್ನು ಬಿಸಿಲಿನ ಮಾತು. ಸೊಳ್ಳೆ ಹೀರಿದ ರಕ್ತದಲ್ಲಿನ ವೈರಾಣು ಅದರ ಮೈಯಲ್ಲಿ ಬೆಳೆದು ಮತ್ತೊಬ್ಬರಿಗೆ ಅಂಟುವ ಹಂತಕ್ಕೆ ಬರಲು 25 ಡಿಗ್ರಿಯಲ್ಲಿ ಸುಮಾರು ಎರಡು ವಾರ ಬೇಕು. 30 ಡಿಗ್ರಿಯಲ್ಲಿ ಒಂದು ವಾರವೇ ಸಾಕು. ಸೊಳ್ಳೆಯ ಆಯುಸ್ಸೇ ಎರಡು ಮೂರು ವಾರ, ಹಾಗಾಗಿ ಈ ಒಂದು ವಾರ ದೊಡ್ಡದು. 35 ದಾಟಿದರೆ ಸೊಳ್ಳೆಗೂ ಕಷ್ಟ, ನಿಜ. ಆದರೆ ಮುಂಗಾರು ಬಂದು ಸೆಕೆ ಮೂವತ್ತರ ಆಸುಪಾಸಿಗೆ ಇಳಿದಾಗ ಅದಕ್ಕೆ ಹಬ್ಬ.

ಪ್ರಶ್ನೆ: ದಾವಣಗೆರೆ ಸೀಮೆಯ ನಮ್ಮೂರಿನ ಸುತ್ತ ಭದ್ರಾ ನಾಲೆಯ ಗದ್ದೆಗಳು. ಡೆಂಗಿಗೆ ಅವೇ ಕಾರಣವೇ? ಫಾಗಿಂಗ್ ಮಾಡಿಸಿದರೆ ಸಾಲದೇ?

ಉತ್ತರ: ಅಲ್ಲ. ಗದ್ದೆಯಲ್ಲಿ ಹುಟ್ಟುವುದು ಬೇರೆ ಜಾತಿಯವು. ಮಿದುಳುಜ್ವರ ತರುವ ಕ್ಯೂಲೆಕ್ಸ್ ಅವುಗಳಲ್ಲೊಂದು. ಈಡಿಸ್ ಹಾರುವುದು ಹೆಚ್ಚೆಂದರೆ ಕೆಲವು ನೂರು ಮೀಟರ್, ಕಚ್ಚುವುದು ಹಗಲಲ್ಲಿ. ಅಂದರೆ ನಿಮ್ಮನ್ನು ಕಚ್ಚಿದ್ದು ನಿಮ್ಮ ಮನೆಯದೋ ಪಕ್ಕದ ಮನೆಯದೋ ಸೊಳ್ಳೆ. ಫಾಗಿಂಗ್ ಹೊಗೆ ಹಾರಾಡುವ ಸೊಳ್ಳೆಗೆ ಮಾತ್ರ; ಮೊಟ್ಟೆ, ಹುಳಕ್ಕೆ ಏನೂ ಆಗದು. ಮಂಚದಡಿ, ನೇತುಹಾಕಿದ ಬಟ್ಟೆಯ ಹಿಂದೆ ಕೂತದ್ದಕ್ಕೂ ತಾಗದು. ಹಾಗಾಗಿ ಹೊಗೆ ಬಿಡುವ ದಿನ ಅಡುಗೆ ಮುಚ್ಚಿಟ್ಟು, ಬಾಗಿಲು ಕಿಟಕಿ ತೆರೆದು, ಅರ್ಧ ಗಂಟೆ ಹೊರಗಿರಿ. ಡ್ರಮ್ ಉಜ್ಜುವುದು ಮಾತ್ರ ಆ ವಾರವೂ ತಪ್ಪಬಾರದು.