ಪ್ರಶ್ನೋತ್ತರ: ನಮ್ಮಲ್ಲಿ ತೆರೆಯುವ ಲಿಂಕು ಕಲಿಯುವವರ ಮೊಬೈಲಿನಲ್ಲಿ ಏಕೆ ತೆರೆಯದು?

ಪ್ರಶ್ನೆ: ಅಕ್ಕಿ ಗಿರಣಿ ಕೆಲಸಗಾರರಿಗಾಗಿ ವೆಬ್ ಪಾಠ ಸಿದ್ಧ ಮಾಡಿದ್ದೇವೆ. ಆಫೀಸಿನ ಕಂಪ್ಯೂಟರಿನಲ್ಲಿ ಎಲ್ಲ ಲಿಂಕೂ ತೆರೆಯುತ್ತಿದ್ದವು. ಸರ್ವರಿಗೆ ಹಾಕಿದ ಮೇಲೆ ಅರ್ಧಕ್ಕರ್ಧ ಕೈಕೊಟ್ಟಿವೆ.
– ಓದುಗರು, ಗಂಗಾವತಿ

ಉತ್ತರ: ಕೆಟ್ಟ ಲಿಂಕನ್ನು ಮತ್ತೆ ಮತ್ತೆ ಒತ್ತಿ ಪ್ರಯೋಜನವಿಲ್ಲ. ಮೌಸನ್ನು ಅದರ ಮೇಲೆ ಸುಮ್ಮನೆ ಇಡಿ. ಬ್ರೌಸರಿನ ಕೆಳಮೂಲೆಯಲ್ಲಿ ವಿಳಾಸ ಕಾಣುತ್ತದೆ. ಅದು ‘ಫೈಲ್:///’ ಎಂದು ಶುರುವಾಗಿದ್ದರೆ ಆ ಲಿಂಕು ನಿಮ್ಮ ಆಫೀಸಿನ ಸಿ ಡ್ರೈವನ್ನು ಹುಡುಕುತ್ತಿದೆ. ಕಾರಟಗಿಯಲ್ಲಿ ಕೂತವರ ಮೊಬೈಲಿಗೆ ಅದೆಲ್ಲಿ ಸಿಗಬೇಕು?

ನಿಮ್ಮದೇ ಸೈಟಿನ ವಿಳಾಸದ ಬಾಲಕ್ಕೆ ಬೇರೆ ಸೈಟಿನ ಹೆಸರು ಅಂಟಿಕೊಂಡಿದ್ದರೆ, ಲಿಂಕು ಹಾಕುವಾಗ ಮೊದಲಿನ ‘ಎಚ್‌ಟಿಟಿಪಿಎಸ್://’ ಬಿಟ್ಟುಹೋಗಿದೆ ಎಂದರ್ಥ. ಅದಿಲ್ಲದಿದ್ದರೆ ಬ್ರೌಸರು ಹೊರಗಿನ ಸೈಟನ್ನೂ ನಿಮ್ಮ ಫೋಲ್ಡರಿನೊಳಗಿನ ಫೈಲೆಂದೇ ತಿಳಿದು ಹುಡುಕಿ, ಸಿಗದೆ 404, ಅಂದರೆ ‘ಪುಟ ಸಿಗಲಿಲ್ಲ’ ಎಂಬ ಸಂಕೇತ, ತೋರಿಸುತ್ತದೆ.

ವಿಳಾಸ ಸರಿಯಾಗಿಯೇ ಕಂಡೂ 404 ಬಂದರೆ ಅಕ್ಷರಗಳನ್ನು ಒಂದೊಂದಾಗಿ ನೋಡಿ. ಫೈಲಿನ ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರ ಹೇಗಿದ್ದರೂ ವಿಂಡೋಸ್ ಸಾಮಾನ್ಯವಾಗಿ ಒಂದೇ ಎಂದುಕೊಳ್ಳುತ್ತದೆ. ಲಿನಕ್ಸ್ ಸರ್ವರಿಗೆ ಅವೆರಡೂ ಬೇರೆ ಬೇರೆ ಫೈಲು. ನಿಮ್ಮಲ್ಲಿ ತೆರೆದು ಅಲ್ಲಿ ತೆರೆಯದಿರಲು ಬಹಳ ಸಲ ಇದೇ ಕಾರಣ. ಹೆಸರುಗಳನ್ನೆಲ್ಲ ಸಣ್ಣಕ್ಷರದಲ್ಲೇ ಇಡಿ. ನಡುವೆ ಜಾಗ ಬಿಟ್ಟರೆ ವಿಳಾಸದಲ್ಲಿ ಅದು %20 ಆಗುತ್ತದೆ, ವಾಟ್ಸಾಪಿನಲ್ಲಿ ಕಳಿಸಿದಾಗ ಲಿಂಕು ಅರ್ಧಕ್ಕೇ ಮುರಿಯಬಹುದು. ಜಾಗದ ಬದಲು ಅಡ್ಡಗೆರೆ (-) ಹಾಕಿ. ಪಾಠದ ಜೊತೆ ಹೋಗುವ ಚಿತ್ರ, ಪಿಡಿಎಫ್‌ಗಳು ಪಾಠದ ಫೋಲ್ಡರಿನಲ್ಲೇ ಇರಲಿ. ಅವಕ್ಕೆ ಪೂರ್ತಿ ವಿಳಾಸ ಬೇಡ, ಫೋಲ್ಡರು ಮತ್ತು ಫೈಲಿನ ಹೆಸರಷ್ಟೇ ಸಾಕು. ನಾಳೆ ಸರ್ವರು ಬದಲಾದರೂ ಲಿಂಕು ಉಳಿಯುತ್ತದೆ.

ಪ್ರಶ್ನೆ: ಭತ್ತದ ಕೀಟ ನಿರ್ವಹಣೆಯ ಪಿಡಿಎಫ್ ಅನ್ನು ಗೂಗಲ್ ಡ್ರೈವಿನಲ್ಲಿಟ್ಟು ಲಿಂಕ್ ಕೊಟ್ಟಿದ್ದೇನೆ. ನನಗೆ ತೆರೆಯುತ್ತದೆ. ರೈತರಿಗೆ ಮಾತ್ರ ‘ಅನುಮತಿ ಕೇಳಿ’ ಎಂದು ಬರುತ್ತದೆ.
– ಓದುಗರು, ಸಿಂಧನೂರು

ಉತ್ತರ: ಫೈಲು ನಿಮ್ಮದು, ನೀವು ಲಾಗಿನ್ ಆಗಿದ್ದೀರಿ, ನಿಮಗೆ ತೆರೆಯದೇ ಇರುತ್ತದೆಯೇ? ಡ್ರೈವಿನಲ್ಲಿ ‘ಶೇರ್’ ಒತ್ತಿ, ‘ಜನರಲ್ ಆಕ್ಸೆಸ್’ ಕೆಳಗೆ ‘ರೆಸ್ಟ್ರಿಕ್ಟೆಡ್’ ಇರುವುದನ್ನು ‘ಎನಿಒನ್ ವಿತ್ ದ ಲಿಂಕ್’ ಮಾಡಿ, ಪಕ್ಕದಲ್ಲಿ ‘ವ್ಯೂವರ್’ ಇರಲಿ. ಅಲ್ಲಿ ‘ಎಡಿಟರ್’ ಆಗಿದ್ದರೆ ಲಿಂಕು ಸಿಕ್ಕವರೆಲ್ಲ ಫೈಲನ್ನು ತಿದ್ದಬಹುದು. ಆಫೀಸಿನ ಖಾತೆಯಾದರೆ ಹೊರಗಿನವರಿಗೆ ಕೊಡುವುದನ್ನು ಅಡ್ಮಿನ್ ತಡೆದಿರಲೂಬಹುದು. ಆಮೇಲೆ ಲಿಂಕನ್ನು ಇನ್‌ಕಾಗ್ನಿಟೊ ಕಿಟಕಿಯಲ್ಲಿ ತೆರೆದು ನೋಡಿ. ಅಲ್ಲಿ ನೀವು ಯಾರೆಂದು ಗೂಗಲ್‌ಗೆ ಗೊತ್ತಿಲ್ಲ, ರೈತರಿಗೆ ಕಾಣುವುದೇ ನಿಮಗೂ ಕಾಣುತ್ತದೆ. ಕೊನೆಗೆ ಆಫೀಸಿನ ವೈಫೈ ಬಿಟ್ಟು ಮೊಬೈಲ್ ಡೇಟಾದಲ್ಲೂ ಒಮ್ಮೆ ತೆರೆಯಿರಿ. ಆಫೀಸಿನ ಒಳಜಾಲದಲ್ಲಷ್ಟೇ ತೆರೆಯುವ ಲಿಂಕು ಸಿಕ್ಕಿಬೀಳುವುದು ಅಲ್ಲೇ.

ಪ್ರಶ್ನೆ: ಜೀನ್ಸ್ ಹೊಲಿಗೆ ತರಬೇತಿಯ ಪಾಠದಲ್ಲಿ ವೀಡಿಯೊ ಲಿಂಕ್ ಒತ್ತಿದರೆ ಪಾಠವೇ ಮಾಯ. ಮರಳಿ ಬಂದರೆ ಮತ್ತೆ ಮೊದಲಿನಿಂದ.
– ಓದುಗರು, ಬಳ್ಳಾರಿ

ಉತ್ತರ: ಲಿಂಕು ಪಾಠದ ಜಾಗದಲ್ಲೇ ತೆರೆಯುತ್ತಿದೆ. ‘ಹೊಸ ಟ್ಯಾಬ್‌ನಲ್ಲಿ ತೆರೆ’ ಎಂಬ ಆಯ್ಕೆ ಹಾಕಿ. ಮೊಬೈಲಿನಲ್ಲಿ ಹೊಸ ಟ್ಯಾಬಿನಿಂದ ಹಿಂದೆ ಬರುವುದು ಹೊಸಬರಿಗೆ ಗೊಂದಲ, ಹಾಗಾಗಿ ಲಿಂಕಿನ ಪಕ್ಕದಲ್ಲೇ ‘ಹೊಸ ಟ್ಯಾಬಿನಲ್ಲಿ ತೆರೆಯುತ್ತದೆ’ ಎಂದು ಬರೆದುಬಿಡಿ. ಲಿಂಕಿಗೆ ‘ಇಲ್ಲಿ ಒತ್ತಿ’ ಎನ್ನುವುದಕ್ಕಿಂತ ‘ಜಿಪ್ ಕೂರಿಸುವ ವೀಡಿಯೊ’ ಎನ್ನುವುದು ಮೇಲು. ಪರದೆಯ ಬರಹವನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಬಳಸುವವರಿಗಂತೂ ‘ಇಲ್ಲಿ ಒತ್ತಿ’ಯಿಂದ ಏನೂ ತಿಳಿಯದು. ವೀಡಿಯೊದ ನಡುವಿನ ಭಾಗವಷ್ಟೇ ಬೇಕಿದ್ದರೆ ಯೂಟ್ಯೂಬಿನ ‘ಶೇರ್’ನಲ್ಲಿ ಆರಂಭದ ಸಮಯ ಗುರುತಿಸಿ ಆ ಲಿಂಕು ಹಾಕಿ.

ಪ್ರಶ್ನೆ: ಲಿಂಕು ಪರೀಕ್ಷಿಸುವ ತಂತ್ರಾಂಶ ಇದ್ದರೆ ಕೈಯಿಂದ ನೋಡುವುದು ಬೇಕೇ?
– ಓದುಗರು, ಕೊಪ್ಪಳ

ಉತ್ತರ: ಬೇಕು. ವೆಬ್ಬಿನ ಮಾನದಂಡಗಳನ್ನು ರೂಪಿಸುವ ಸಂಸ್ಥೆ ಡಬ್ಲ್ಯೂ3ಸಿಯ ಉಚಿತ ಲಿಂಕ್ ಚೆಕರ್ 404ಗಳನ್ನು ಹಿಡಿಯುತ್ತದೆ, ಆದರೆ ಲಾಗಿನ್ ಕೇಳುವ ಪುಟದೊಳಗೆ ಹೋಗದು. ‘ಪುಟ ಸಿಗಲಿಲ್ಲ’ ಎಂದು ಬರೆದಿದ್ದರೂ ಸರ್ವರು 200, ಅಂದರೆ ‘ಪುಟ ಸಿಕ್ಕಿತು’ ಎಂಬ ಸಂಕೇತ, ಕೊಟ್ಟರೆ ಸರಿ ಎಂದೇ ಲೆಕ್ಕ. ಮೂರನೇ ಪಾಠದ ಲಿಂಕು ಐದನೇ ಪಾಠಕ್ಕೆ ಹೋದರೂ ಅದಕ್ಕೆ ತಕರಾರಿಲ್ಲ. ಒಂದು ಶೀಟಿನಲ್ಲಿ ಪಾಠ, ಲಿಂಕಿನ ಹೆಸರು, ವಿಳಾಸ, ನೋಡಿದ ದಿನ, ತೆರೆದದ್ದೇನು ಎಂದು ಬರೆದಿಡಿ. ಹೊಸ ಬ್ಯಾಚ್ ಶುರುವಾಗುವ ಮೊದಲು ಆ ಪಟ್ಟಿ ಹಿಡಿದು, ಪಾಠ ಸಿದ್ಧ ಮಾಡದ ಇನ್ನೊಬ್ಬರ ಕೈಲಿ ಒತ್ತಿಸಿ.