ಪಿಯುಸಿ ಸೈನ್ಸ್ ಆಗಿದೆ, ಬಿಡಿಎಸ್ ಸೀಟು ಸಿಗಲಿಲ್ಲ. ಡೆಂಟಲ್ ಹೈಜೀನಿಸ್ಟ್ (ಡೆಂಟಿಸ್ಟ್ ಹತ್ತಿರ ಹಲ್ಲು ಕ್ಲೀನ್ ಮಾಡೋರು) ಕೋರ್ಸಿಗೆ ಸ್ಕೋಪ್ ಇದೆಯಾ? ಗಲ್ಫ್‌ಗೆ ಹೋಗಬಹುದಾ?

ಹದಿನೈದು ವರ್ಷದ ಹಿಂದೆ ದಾವಣಗೆರೆಯಲ್ಲಿ ನಾನೂ ಇದೇ ಲೆಕ್ಕ ಹಾಕ್ಕೊಂಡು ಕೂತಿದ್ದೆ. ಮಸ್ಕತ್‌ನಲ್ಲಿದ್ದ ಮಾವ "ಕೋರ್ಸ್ ಮುಗಿಸು, ಉಳಿದಿದ್ದು ನಾನು ನೋಡ್ಕೋತೀನಿ" ಅಂದಿದ್ದರು.

ಸೇರಿದ್ದು ಒಂದು ಖಾಸಗಿ ಇನ್‌ಸ್ಟಿಟ್ಯೂಟಿಗೆ. ಬೋರ್ಡಿನ ಮೇಲೆ 'ಡೆಂಟಲ್ ಹೈಜೀನ್ ಅಂಡ್ ಅಸಿಸ್ಟಿಂಗ್, ಒಂದೇ ವರ್ಷ, ಸರ್ಕಾರಿ ಮಾನ್ಯತೆ'. ಹೈಜೀನಿಸ್ಟ್ ಡಿಪ್ಲೊಮಾ ಎರಡು ವರ್ಷದ್ದು. ಎರಡು ವರ್ಷದ ಓದನ್ನ ಒಂದರಲ್ಲಿ ಮುಗಿಸ್ತೀವಿ ಅಂದಾಗಲೇ ಎದ್ದು ಬರಬೇಕಿತ್ತು. ಬರಲಿಲ್ಲ. ಆ 'ಮಾನ್ಯತೆ' ಏನು ಗೊತ್ತಾ? ಅವರ ಟ್ರಸ್ಟ್ ನೋಂದಣಿಯಾಗಿತ್ತು, ಅಷ್ಟೇ. ಕೋರ್ಸಿಗೂ ಅದಕ್ಕೂ ಸಂಬಂಧವೇ ಇಲ್ಲ. ಆಗಿದ್ದ 1948ರ ದಂತವೈದ್ಯರ ಕಾಯ್ದೆಯಲ್ಲಿ ಹೈಜೀನಿಸ್ಟ್‌ಗಳಿಗೆ ಅಂತಲೇ ಬೇರೆ ರಿಜಿಸ್ಟರ್ ಇತ್ತು. ಡಿಸಿಐ (ಭಾರತೀಯ ದಂತ ಪರಿಷತ್ತು) ಮಾನ್ಯತೆ ಇರೋ ಕಾಲೇಜಿನಲ್ಲಿ ಓದಿದ್ದರೆ ಮಾತ್ರ ರಾಜ್ಯ ದಂತ ಪರಿಷತ್ತು ಅದರಲ್ಲಿ ಹೆಸರು ಸೇರಿಸ್ತಿತ್ತು. ಸೇರೋಕೆ ಮುಂಚೆ ರಾಜ್ಯ ಪರಿಷತ್ತಿಗೆ ಒಂದು ಫೋನ್ ಮಾಡಿದ್ದರೆ ಐದು ನಿಮಿಷದಲ್ಲಿ ಬಂಡವಾಳ ಬಯಲಾಗ್ತಿತ್ತು. ನಾನು ಕೇಳಿದ್ದು ಹಾಸ್ಟೆಲ್ ಫೀಸು ಎಷ್ಟು ಅಂತ!

ಮೂರು ವರ್ಷ ಕ್ಲಿನಿಕ್‌ನಲ್ಲಿ ಸಕ್ಷನ್ ಪೈಪ್ ಹಿಡಿದೆ, ಟ್ರೇ ತೊಳೆದು ಆಟೋಕ್ಲೇವ್‌ಗೆ (ಬಿಸಿ ಆವಿಯಲ್ಲಿ ಕ್ರಿಮಿ ಸಾಯಿಸೋ ಯಂತ್ರ) ಹಾಕಿದೆ. ಆಮೇಲೆ ಮಾವ ಪೇಪರ್ಸ್ ಕೇಳಿದರು. ಅರ್ಜಿಯಲ್ಲಿ 'ರಿಜಿಸ್ಟ್ರೇಷನ್ ನಂಬರ್' ಅನ್ನೋ ಒಂದು ಕಾಲಂ. ನನ್ನ ಹತ್ತಿರ ಇದ್ದಿದ್ದು ಅಮ್ಮ ಲ್ಯಾಮಿನೇಷನ್ ಮಾಡಿಸಿ ಗೋಡೆಗೆ ತೂಗುಹಾಕಿದ್ದ ಬಂಗಾರದ ಸೀಲಿನ ಸರ್ಟಿಫಿಕೇಟು. ಫೈಲ್ ಅಲ್ಲಿಗೇ ನಿಂತಿತು. ಇಪ್ಪತ್ತಮೂರನೇ ವಯಸ್ಸಲ್ಲಿ ಮತ್ತೆ ಮೊದಲಿಂದ, ಸರಿಯಾದ ಡಿಪ್ಲೊಮಾ.

ಇನ್ನು ಸ್ಕೋಪ್. ಬೇಜಾರಾದರೂ ಹೇಳ್ತೀನಿ, ಬಿಡಿಎಸ್ ತಪ್ಪಿತು ಅಂತ ಇದಕ್ಕೆ ಬರಬೇಡಿ. ಡಾಕ್ಟರ್ ಆಗೋಕೆ ಇದು ಹಿಂಬಾಗಿಲಲ್ಲ, ಕೆಲಸವೇ ಬೇರೆ. ಅಮೆರಿಕದ ಹೈಜೀನಿಸ್ಟ್‌ಗಳ ವಿಡಿಯೋ ನೋಡಿ ಮರುಳಾಗಬೇಡಿ, ಅಲ್ಲಿನ ಲೈಸೆನ್ಸಿಗೆ ಇಲ್ಲಿನ ಡಿಪ್ಲೊಮಾ ಸಾಲೋದಿಲ್ಲ. ನಮ್ಮಲ್ಲಿ ಸಣ್ಣ ಕ್ಲಿನಿಕ್‌ನವರು ಸ್ಕೇಲಿಂಗಿಗೆ (ಹಲ್ಲಿಗೆ ಕಟ್ಟಿದ ಪಾಚಿ ತೆಗೆಯೋದು) ಅಂತ ಹೈಜೀನಿಸ್ಟ್ ಇಟ್ಕೊಳ್ಳೋದೇ ಅಪರೂಪ, ಆಗಷ್ಟೇ ಪಾಸಾದ ಬಿಡಿಎಸ್ ಹುಡುಗರೇ ಮಾಡ್ತಾರೆ. ನೀವು ಪೈಪೋಟಿ ಮಾಡಬೇಕಾಗಿರೋದು ಅವರ ಜೊತೆ.

ನಾನೀಗ ಒಸಡಿನ ತಜ್ಞರೊಬ್ಬರ ಹತ್ತಿರ ಇದ್ದೀನಿ. ದಿನಾ ಕೆಳಗಿನ ಮುಂಭಾಗದ ಹಲ್ಲುಗಳ ಒಳಬದಿಯಲ್ಲಿ ಕಲ್ಲಿನ ಹಾಗೆ ಕಟ್ಟಿದ ಪಾಚಿ ಕೀಳೋದು. ಜೊಲ್ಲಿನ ಗ್ರಂಥಿ ಅಲ್ಲೇ ತೆರೆದುಕೊಳ್ಳೋದರಿಂದ ಅಲ್ಲೇ ಹೆಚ್ಚು ಕಟ್ಟುತ್ತೆ. ಎಲೆಅಡಿಕೆ ಬಾಯಾದರೆ ಸ್ಕೇಲರ್ ಆಡಿಸಿ ಆಡಿಸಿ ಸಂಜೆ ಹೊತ್ತಿಗೆ ಕತ್ತು ಹಿಡ್ಕೊಂಡಿರುತ್ತೆ. ನನಗೆ ಈ ಕೆಲಸ ಇಷ್ಟ. ನಿಮಗೆ ಇನ್ನೊಬ್ಬರ ಬಾಯಿ ನೋಡಿದರೆ ಅಸಹ್ಯ ಆಗುತ್ತಾ? ಒಂದು ವಾರ ಪರಿಚಯದ ಡಾಕ್ಟರ ಕ್ಲಿನಿಕ್‌ನಲ್ಲಿ ಕೂತು ನೋಡಿ. ಫೀಸ್ ಕಟ್ಟೋದು ಆಮೇಲೆ, ಅದೂ ಪರಿಷತ್ತಿಗೆ ಆ ಫೋನ್ ಮಾಡಿದ ಮೇಲೆ.