ದೀಪಕ್ಕೆ ಬಂದ ಆ ‘ಕಣಜ’

ಓದುಗರ ಪತ್ರ: ನಾನಿರುವುದು ನೈರೋಬಿಯಲ್ಲಿ. ಮಳೆ ಬಂದ ರಾತ್ರಿ ದೀಪಕ್ಕೆ ಕಂದು ಬಣ್ಣದ, ಉದ್ದ ಹೊಟ್ಟೆಯ ಹುಳ ಬಂತು. ಕಣಜ ಅಂದುಕೊಂಡೆ. ಫೋನಿನ ಆ್ಯಪ್ ‘ಡೊರಿಲಸ್, ಗಂಡು ಇರುವೆ’ ಎಂದಿತು. ಹೀಗಿರುವಾಗ ಭೂತಗನ್ನಡಿ ಹಿಡಿದು ಇರುವೆಯ ಕೂದಲು ಎಣಿಸುವವರು ಇನ್ನೂ ಬೇಕೇ?

ಸಂಪಾದಕರ ಉತ್ತರ: ಕಣಜ ಅಂದುಕೊಂಡಿದ್ದಕ್ಕೆ ನಾಚಿಕೊಳ್ಳಬೇಡಿ. ನಿಮ್ಮ ಜೊತೆ ಜೀವಿಗಳಿಗೆ ಹೆಸರಿಡುವ ಪದ್ಧತಿ ಹಾಕಿಕೊಟ್ಟ ಸ್ವೀಡನ್ನಿನ ಲಿನೇಯಸ್ ಇದ್ದಾನೆ! 1764ರಲ್ಲಿ ಆಫ್ರಿಕಾದ ಇಂಥದೇ ಗಂಡಿರುವೆಗೆ ಅವನು ‘ವೆಸ್ಪಾ ಹೆಲ್ವೊಲಾ’ ಎಂದು ಹೆಸರಿಟ್ಟ. ವೆಸ್ಪಾ ಅಂದರೆ ಕಣಜ. ಪಾಪ, ಅವನದೇನು ತಪ್ಪು? ಗಂಡಿಗೆ ರೆಕ್ಕೆ, ದೊಡ್ಡ ಕಣ್ಣು. ಅದರ ಅಕ್ಕತಂಗಿಯರಾದ ಕೆಲಸಗಾರ ಇರುವೆಗಳಿಗೆ ಎರಡೂ ಇಲ್ಲ. ನಿಮ್ಮ ಕಡೆ ಸಿಯಾಫು ಅನ್ನುತ್ತಾರಲ್ಲ, ಅವೇ. 1840ರಲ್ಲಿ ಇಂಥ ಕೆಲಸಗಾರರಿಗೆ ‘ಅನೊಮ್ಮಾ’ ಎಂಬ ಬೇರೆ ಕುಲವನ್ನೇ (ಹತ್ತಿರದ ಜಾತಿಗಳ ಗುಂಪು) ಕಟ್ಟಿದರು. 1863ರಲ್ಲಿ ಜಾವಾದ ಒಂದು ರಾಣಿಗೆ ‘ಡಿಕ್ತಾಡಿಯಾ’ ಎಂಬ ಇನ್ನೊಂದು. ಅಮ್ಮ, ಅಣ್ಣ, ತಂಗಿಗೆ ಮೂರು ರೇಷನ್ ಕಾರ್ಡು!

ಇವರೆಲ್ಲ ಒಂದೇ ಮನೆಯವರು ಎಂದು ಪತ್ತೆ ಮಾಡಿದ್ದು ಗೂಡಿನ ಪಕ್ಕ ಕೂತು ಕಚ್ಚಿಸಿಕೊಂಡವರು. ಗೊರಿಲ್ಲಾವನ್ನು ವಿಜ್ಞಾನಕ್ಕೆ ಪರಿಚಯಿಸಿದ ಪಾದ್ರಿ ಸಾವೇಜ್ ಅದೇ 1847ರಲ್ಲಿ ಪಶ್ಚಿಮ ಆಫ್ರಿಕಾದ ಈ ಇರುವೆಗಳ ನಡವಳಿಕೆ ಬಗ್ಗೆಯೂ ಬರೆದ. ಗೊರಿಲ್ಲಾದ ಬುರುಡೆ ಕೈಯಲ್ಲಿದ್ದವನಿಗೂ ಇರುವೆ ಸಣ್ಣದು ಅನಿಸಲಿಲ್ಲ.

ಡಿಎನ್‌ಎಗೂ ಆ್ಯಪ್‌ಗೂ ನಮಸ್ಕಾರ. ಪೂರ್ವ ಆಫ್ರಿಕಾದ ಎರಡು ಜಾತಿಯ ಸಿಯಾಫುಗಳಲ್ಲಿ ಬೆರಕೆ ನಡೆದಿದೆ ಎಂದು 2011ರಲ್ಲಿ ತೋರಿಸಿದ್ದು ಡಿಎನ್‌ಎಯೇ. ಆದರೆ ಅವು ಎರಡು ಜಾತಿ ಎಂದು ಮೊದಲು ಬಿಡಿಸಿಟ್ಟವರು ಯಾರು? ನೀವು ಸುಮ್ನೆ ಗೇಲಿ ಮಾಡಿದ ಕೂದಲೆಣಿಕೆಯವರು. ನಿಮ್ಮ ಆ್ಯಪ್ ಕಲಿತದ್ದೂ ಅಂಥವರು ಹೆಸರಿಟ್ಟ ಚಿತ್ರಗಳಿಂದಲೇ ಅಲ್ವಾ?

ನಾನು ಓದಿದ ಕಾಲೇಜಿನಲ್ಲಿ ಹುಳಗಳ ಒಂದು ಕಪಾಟು ಇತ್ತು. ಕಂಪ್ಯೂಟರ್ ಕೋಣೆಗೆ ಜಾಗ ಬೇಕೆಂದು ಅದನ್ನು ವರಾಂಡಕ್ಕೆ ತಳ್ಳಿದರು. ಮಳೆಗಾಲ ಮುಗಿಯುವಷ್ಟರಲ್ಲಿ ಹುಳಗಳನ್ನು ಹುಳಗಳೇ ತಿಂದು ಮುಗಿಸಿದ್ದವು. ಯಾರೂ ಕೇಳಲಿಲ್ಲ. ಈಗ ವರ್ಗೀಕರಣ ಅಂದರೆ ಐದು ಅಂಕಕ್ಕೆ ಉರು ಹೊಡೆಯುವ ಪಟ್ಟಿ. ಇರುವೆಯ ಸೊಂಟದಲ್ಲಿ ಗಂಟು ಒಂದೋ ಎರಡೋ ಎಂದು ಬಗ್ಗಿ ನೋಡಿದ ಮೇಷ್ಟ್ರು ಸಿಗುವುದೇ ಕಷ್ಟ. (ಡೊರಿಲಸ್ ಕೆಲಸಗಾರರಿಗೆ ಒಂದೇ.)

ನಿಮ್ಮೂರಲ್ಲೇ ದೊಡ್ಡ ಮ್ಯೂಸಿಯಂ ಇದೆ. ಮುಂದಿನ ಮಳೆಗೆ ಒಂದು ಗಂಡಿರುವೆಯನ್ನು ಸ್ಪಿರಿಟ್ ಸೀಸೆಗೆ ಹಾಕಿ, ಅಲ್ಲಿಗೆ ಒಯ್ದು ತೋರಿಸಿ. ಜಾಗ, ತಾರೀಖು ಬರೆದ ಚೀಟಿ ಸೀಸೆಯ ಒಳಗೇ ಇರಲಿ. ಪೆನ್ಸಿಲ್ಲಿನಲ್ಲೇ ಬರೆಯಿರಿ, ಪೆನ್ನಿನ ಶಾಯಿ ಸ್ಪಿರಿಟ್ಟಿನಲ್ಲಿ ಕರಗಿಹೋಗುತ್ತದೆ.